ಇಂಗ್ಲಿಷ್ ಮೇಲೆ ಯಾರ ಪ್ರಭಾವ ಜಾಸ್ತಿ: ನಾರ್ಮನ್ನರದಾ, ವೈಕಿಂಗರದಾ?

ಇಂಗ್ಲಿಷರು ಮೂಲದಲ್ಲಿ ಯಾರು, ಅವರ ಭಾಷೆ ಇಷ್ಟು ಕಲಬೆರಕೆ ಆಗಿದ್ದು 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಗೆದ್ದಿದ್ದರಿಂದಲೇ ಅಲ್ವಾ ಅಂತ ಕೇಳಿದ್ದೀರಿ. ಎರಡನೆಯದು ಅರ್ಧ ಮಾತ್ರ ಸರಿ ಅನ್ನೋದು ನನ್ನ ಅಭಿಪ್ರಾಯ. ನಾರ್ಮನ್ನರು ರಾಶಿ ರಾಶಿ ಪದ ಕೊಟ್ಟರು, ನಿಜ. ಆದರೆ ಭಾಷೆಯ ಒಳಗೇ ಕೈ ಹಾಕಿದವರು ಅವರಿಗಿಂತ ಮೊದಲು ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದ ವೈಕಿಂಗರು.

ಮೊದಲು ಜನರ ವಿಷಯ. ಆ ದ್ವೀಪದಲ್ಲಿ ಹಿಂದಿನಿಂದ ಇದ್ದವರು ಬ್ರಿಟನ್ನರು. ಅವರ ನುಡಿ ಕೆಲ್ಟಿಕ್, ಈಗಿನ ವೆಲ್ಶ್ ಅದರಿಂದಲೇ ಬಂದದ್ದು. ಕ್ರಿ.ಶ. 43ರಲ್ಲಿ ರೋಮನ್ನರು ಬಂದರು, 410ರ ಹೊತ್ತಿಗೆ ಗಂಟುಮೂಟೆ ಕಟ್ಟಿದರು. ಅಷ್ಟು ಕಾಲ ಆಳಿದರೂ ಲ್ಯಾಟಿನ್ ಅಲ್ಲಿ ಜನರ ಮನೆಮಾತಾಗಿ ಉಳಿಯಲಿಲ್ಲ. ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಥರದ ಊರ ಹೆಸರುಗಳ ಬಾಲದಲ್ಲಿ ಅವರ ಸೈನ್ಯದ ಠಾಣೆಗಳ ಗುರುತು ಉಳಿದಿದೆ.

ಆಮೇಲೆ ಈಗಿನ ಡೆನ್ಮಾರ್ಕ್, ಉತ್ತರ ಜರ್ಮನಿಯ ಕರಾವಳಿಯಿಂದ ಆಂಗಲ್, ಸ್ಯಾಕ್ಸನ್, ಜ್ಯೂಟ್ ಎಂಬ ಗುಂಪುಗಳು ಬಂದವು. ಇಂಗ್ಲೆಂಡ್ ಎಂಬ ಹೆಸರು ಆಂಗಲ್‌ರಿಂದ ಬಂದದ್ದು. ಬಂದವರು ಬೆರಳೆಣಿಕೆಯ ಯೋಧರು, ಊರವರು ಸುಮ್ನೆ ಅವರ ಭಾಷೆ ಕಲಿತುಕೊಂಡರು ಎಂದು ಕೆಲವು ಪಂಡಿತರು ವಾದಿಸುತ್ತಿದ್ದರು. 2022ರಲ್ಲಿ ಹಳೆಯ ಸಮಾಧಿಗಳ ಎಲುಬಿನ ಡಿಎನ್‌ಎ ಅಧ್ಯಯನ ಪ್ರಕಟವಾದ ಮೇಲೆ ಆ ವಾದ ಸೊರಗಿದೆ. ಪೂರ್ವ ಇಂಗ್ಲೆಂಡಿನಲ್ಲಿ ಆ ಕಾಲದವರ ವಂಶಮೂಲದಲ್ಲಿ ಶೇ. 76ರವರೆಗೂ ಸಮುದ್ರದಾಚೆಯದು. ಹೆಂಗಸರೂ ಬಂದಿದ್ದರು, ಊರವರೊಂದಿಗೆ ಮದುವೆಗಳೂ ಆಗಿದ್ದವು. ಅಂದರೆ ಬ್ರಿಟನ್ನರು ಪೂರ್ತಿ ಅಳಿದುಹೋಗಲಿಲ್ಲ. ಅವರ ಪದಗಳು ಮಾತ್ರ ಇಂಗ್ಲಿಷಿಗೆ ತೀರಾ ಕಡಿಮೆ ಬಂದವು. ಥೇಮ್ಸ್, ಏವನ್‌ನಂಥ ನದಿಗಳ ಹೆಸರು ಹಾಗೇ ಉಳಿದವು.

ಈಗ ವೈಕಿಂಗರು. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ದೋಚಿದವರು ಇವರೇ. ಲೂಟಿ ಮಾಡಿ ವಾಪಸ್ ಹೋಗಿದ್ದರೆ ಭಾಷೆಗೇನೂ ಆಗುತ್ತಿರಲಿಲ್ಲ. 865ರಲ್ಲಿ ಬಂದ ದೊಡ್ಡ ಸೈನ್ಯ ಹೋಗಲಿಲ್ಲ. 878ರಲ್ಲಿ ಇಂಗ್ಲಿಷರ ರಾಜ ಆಲ್ಫ್ರೆಡ್ ಎಡಿಂಗ್ಟನ್‌ನಲ್ಲಿ ಅವರನ್ನು ಸೋಲಿಸಿದ. ಆದರೂ ಉತ್ತರ ಮತ್ತು ಪೂರ್ವದ ಸೀಮೆ ಡೇನರ (ಅಂದರೆ ಈ ವೈಕಿಂಗರ) ಕೈಯಲ್ಲೇ ಉಳಿಯಿತು, ಅದನ್ನೇ ಡೇನ್‌ಲಾ ಅನ್ನುವುದು. ಅಲ್ಲಿ ಅವರು ಉಳುಮೆ ಮಾಡಿದರು, ಅಕ್ಕಪಕ್ಕದವರಲ್ಲಿ ಹೆಣ್ಣು ತಂದರು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಎಂಬ ಹೆಸರುಗಳ ಕೊನೆಯ 'ಬಿ' ಅವರ ಭಾಷೆಯಲ್ಲಿ ಊರು.

ಇಂಗ್ಲಿಷು, ವೈಕಿಂಗರ ನುಡಿ ಎರಡೂ ಹತ್ತಿರದ ನೆಂಟರು. ಪದದ ಬುಡ ಒಂದೇ ಥರ, ವಿಭಕ್ತಿಯ ಬಾಲ ಬೇರೆ. ದನ ಕೊಳ್ಳುವ ಮಾತುಕತೆಯಲ್ಲಿ ಬಾಲ ಯಾರಿಗೆ ಬೇಕು? ಇಂಗ್ಲಿಷಿನ ವಿಭಕ್ತಿಗಳು ಉತ್ತರದಲ್ಲೇ ಮೊದಲು ಸವೆದುಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಸ್ಕೈ, ನೈಫ್, ವಿಂಡೋ, ಹಸ್ಬೆಂಡ್, ಟೇಕ್, ಲಾ ಎಲ್ಲ ಅವರ ಪದಗಳು. ಇನ್ನೂ ದೊಡ್ಡದು ದೇ, ದೆಮ್, ದೇರ್. 'ಅವರು' ಅನ್ನುವ ಪದವನ್ನೇ ಹೊರಗಿನಿಂದ ತಂದುಕೊಳ್ಳುವುದು ಅಪರೂಪ. ಕನ್ನಡಕ್ಕೆ ಅರ್ಜಿ, ವಕೀಲ, ತಹಶೀಲ್ದಾರ್ ಎಲ್ಲ ಬಂದವು, ಆದರೆ 'ಅವರು' ನಮ್ಮದೇ ಉಳಿಯಿತು.

ನಾರ್ಮನ್ನರ ಕಾಣಿಕೆ ಆ ಅರ್ಜಿ-ವಕೀಲರ ಸಾಲಿನದು: ಕೋರ್ಟ್, ಜಡ್ಜ್, ಪಾರ್ಲಿಮೆಂಟ್, ಗವರ್ನಮೆಂಟ್. (ಕಾಣಿಕೆ ಅಂದೆ, ಜಮೀನು ಕಳೆದುಕೊಂಡವರು ಹಾಗನ್ನುತ್ತಿರಲಿಲ್ಲ. 1086ರಲ್ಲಿ ನಾರ್ಮನ್ ರಾಜ ಮಾಡಿಸಿದ ಜಮೀನಿನ ಲೆಕ್ಕದ ಹೊತ್ತಿಗೆ ದೊಡ್ಡ ಹಿಡುವಳಿದಾರರಲ್ಲಿ ಇಂಗ್ಲಿಷರು ಬಹಳ ಕಡಿಮೆ.) ಸಾಕುವ ಇಂಗ್ಲಿಷರ ಬಾಯಲ್ಲಿ ಹಸು ಕೌ, ತಿನ್ನುವ ನಾರ್ಮನ್ನರ ಬಾಯಲ್ಲಿ ಅದರ ಮಾಂಸ ಬೀಫ್ ಅನ್ನುವ ಕಥೆ ಎಲ್ಲರೂ ಹೇಳ್ತಾರೆ, ಬಿಡಿ. ತಮಾಷೆ ಅಂದರೆ ಈ ನಾರ್ಮನ್ನರೂ ಮೂಲದಲ್ಲಿ ವೈಕಿಂಗರೇ, ಫ್ರಾನ್ಸಿನಲ್ಲಿ ನೆಲೆಸಿ ಫ್ರೆಂಚ್ ಕಲಿತವರು. ರೈತರು ಇಂಗ್ಲಿಷ್ ಬಿಡಲಿಲ್ಲ. ಕೊನೆಗೆ 1362ರಲ್ಲಿ, ಫ್ರೆಂಚ್ ಜನರಿಗೆ ತಿಳಿಯುವುದಿಲ್ಲವೆಂದು, ಕೋರ್ಟಿನ ವಾದ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಕಾಯ್ದೆ ಬಂತು. ಆ ಕಾಯ್ದೆಯನ್ನು ಬರೆದದ್ದೂ ಫ್ರೆಂಚಿನಲ್ಲೇ!

ವೈಕಿಂಗರ ಪದಗಳು ಎಲ್ಲ ಕಡೆ ಒಂದೇ ಸಲ ಹಬ್ಬಲಿಲ್ಲ. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ವಿಲಿಯಂ ಕ್ಯಾಕ್ಸ್ಟನ್ 1490ರಲ್ಲಿ ಒಂದು ಮುನ್ನುಡಿಯಲ್ಲಿ ಇದನ್ನು ಬರೆದಿದ್ದಾನೆ. ಈಗಿನ ನೆದರ್ಲೆಂಡ್ಸ್ ಕಡೆ ಹೊರಟ ವ್ಯಾಪಾರಿಗಳ ಹಡಗು ಗಾಳಿಯಿಲ್ಲದೆ ಕೆಂಟ್ ತೀರದಲ್ಲಿ ನಿಂತಿತು. ಒಬ್ಬ ಇಳಿದು ಒಂದು ಮನೆಯಲ್ಲಿ 'ಎಗ್ಸ್' ಕೊಡಿ ಎಂದ. ಮನೆಯಾಕೆ ನನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೆ ಸಿಟ್ಟು ಬಂತು, ಫ್ರೆಂಚ್ ಅವನಿಗೂ ಬರುತ್ತಿರಲಿಲ್ಲ! ಇನ್ನೊಬ್ಬ 'ಐರೆನ್' ಎಂದಾಗ ಆಕೆಗೆ ಅರ್ಥವಾಯಿತು. ಐರೆನ್ ಹಳೆಯ ಇಂಗ್ಲಿಷಿನ ಪದ, ಎಗ್ ವೈಕಿಂಗರದು. ಕೆಂಟ್ ಡೇನ್‌ಲಾದಿಂದ ಹೊರಗಿದ್ದ ಸೀಮೆ. ವೈಕಿಂಗರ ಆ ದೊಡ್ಡ ಸೈನ್ಯ ಬಂದು ಸುಮಾರು ಆರು ನೂರು ವರ್ಷವಾಗಿದ್ದರೂ ಆಕೆಯ ಕಿವಿಗೆ ಎಗ್ ಪರದೇಶದ ಮಾತು.