2023ರಲ್ಲಿ ಹಾಲಿವುಡ್ ಬರಹಗಾರರು, ನಟರು ಸ್ಟುಡಿಯೊಗಳ ವಿರುದ್ಧ ಹೂಡಿದ ಮುಷ್ಕರದಲ್ಲಿ ಜನ ಯಾರ ಪರ ಇದ್ದರು? ತುಮಕೂರಿನಲ್ಲಿ ಕೂತು ಕಥೆ ಬರೆಯುವವರಿಗೆ ಅದರಿಂದ ಏನು?
ಬಹುಪಾಲು ಅಮೆರಿಕನ್ನರು ಮುಷ್ಕರ ಹೂಡಿದವರ ಪರ ಇದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಬರಹಗಾರರ ಪರ ಶೇ 72, ಸ್ಟುಡಿಯೊಗಳ ಪರ ಶೇ 19. ನಟರ ವಿಚಾರದಲ್ಲಿ ಅವರ ಪರ ಶೇ 67, ಸ್ಟುಡಿಯೊಗಳ ಪರ ಶೇ 24.

'ಕೋಟಿ ಎಣಿಸುವ ನಟರಿಗೆ ಮುಷ್ಕರ ಯಾಕೆ' ಅನ್ನುವುದು ತಪ್ಪು ಲೆಕ್ಕ. ನಟರ ಸಂಘದ ಆರೋಗ್ಯ ವಿಮೆ ಸಿಗಲು ಆಗ ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಹೆಚ್ಚಿನ ಸದಸ್ಯರು ಅಷ್ಟನ್ನೂ ಮುಟ್ಟುತ್ತಿರಲಿಲ್ಲ. ಟಿವಿಯಲ್ಲಿ ಮರುಪ್ರಸಾರವಾದಾಗ ಬರುತ್ತಿದ್ದ ಹಣ ಸ್ಟ್ರೀಮಿಂಗ್‌ಗೆ ಬಂದಾಗ ಸೊರಗಿತು, ಮೂಲ ಸಿಟ್ಟು ಅದೇ. ಎಐ ಭಯವೂ ಸೇರಿಕೊಂಡಿತು. ಬರಹಗಾರರು 148 ದಿನ, ನಟರು 118 ದಿನ ಪಟ್ಟು ಬಿಡಲಿಲ್ಲ. ಆ ತಿಂಗಳುಗಳಲ್ಲಿ ಸೆಟ್, ಲೈಟು, ಊಟದ ಕೆಲಸದವರೂ ಸಂಬಳವಿಲ್ಲದೆ ಕೂತರು, ಅವರ ಅಸಮಾಧಾನ ನ್ಯಾಯವಾದದ್ದೇ.

ಇನ್ನು ನಮ್ಮ ವಿಷಯ. ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ಈಗಲೂ ಎಷ್ಟೋ ಜನ ಬಾಯಿಮಾತಿನ ಮೇಲೆ ಕಥೆ ಕೊಡುತ್ತಾರೆ. ಹಾಗೆ ಮಾಡಬೇಡಿ. ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ನಿಮ್ಮ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಾಚೆಗಿನ ಬಳಕೆಗೆ ಬರುವ ರಾಯಧನದಲ್ಲಿ ಲೇಖಕರ ಸಮಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಮುಂಗಡ ಪಡೆಯುವ ಮೊದಲೇ ಒಟಿಟಿ, ಡಬ್ಬಿಂಗ್, ರೀಮೇಕ್ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ.