ಚಿಕ್ಕ ಪಬ್‌ನಲ್ಲಿ ಬಿಯರ್ ಚೆನ್ನಾಗಿದೆಯೋ ಇಲ್ಲವೋ, ಹೇಗೆ ಗೊತ್ತಾಗುತ್ತದೆ?

ಸುತ್ತಮುತ್ತಲಿನ ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ಕೊಡುವ ಪಬ್ ಒಂದು ಕಣ್ಣಿಗೆ ಬಿದ್ದಿದೆ, ಒಂದು ಹೆಸರೂ ಪರಿಚಯವಿಲ್ಲ, ಒಳಗೆ ಹೋಗಿ ಏನು ನೋಡಬೇಕು, ಏನು ಕೇಳಬೇಕು ಅಂದಿದ್ದೀರಿ.

ನಾನು ಮೊದಲು ಬೋರ್ಡ್ ನೋಡುತ್ತೇನೆ. ನನಗೆ ತುಂಬಾ ಇಷ್ಟವಾದ ಪಬ್ ಸಿಕ್ಕಿದ್ದು ಗೆಳೆಯನಿಗಾಗಿ ಕಾಯುತ್ತಿದ್ದಾಗ. ಹೊತ್ತು ಹೋಗಲಿ ಅಂತ ಸುಮ್ನೆ ಒಳಗೆ ಹೊಕ್ಕೆ. ಇದ್ದದ್ದು ಐದೇ ಟ್ಯಾಪ್, ಅಂದರೆ ಬಿಯರ್ ಬರುವ ನಲ್ಲಿ. ಗೋಡೆಯ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಐದು ಹೆಸರು, ಅದರಲ್ಲಿ ಎರಡನ್ನು ಹೊಡೆದುಹಾಕಿದ್ದರು. "ಖಾಲಿಯಾಯ್ತು, ನಾಳೆ ಬೇರೆ ಬರುತ್ತೆ" ಅಂದರು. ಆಗ ಬೇಜಾರಾಯಿತು. ಈಗ ಆ ಗೆರೆ ಕಂಡರೆ ನನಗೆ ಖುಷಿ. ಬಿಯರ್ ಬೇಗ ಖಾಲಿಯಾಗುವ ಕಡೆ ಹಳೆಯ ಬಿಯರ್ ಉಳಿಯುವುದಿಲ್ಲ, ಅಲ್ವಾ?

ಹೆಚ್ಚಿನ ಬಿಯರ್‌ಗಳು ಇಟ್ಟಷ್ಟೂ ರುಚಿ ಕಳೆದುಕೊಳ್ಳುತ್ತವೆ. ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಜಾಸ್ತಿ ಹಾಕಿ ಮಾಡುವ ಐಪಿಎಯಲ್ಲಂತೂ ಆ ಘಮ ಮೊದಲು ಹೋಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ಕಾಸ್ಕ್ ಅನ್ನುವ ಪೀಪಾಯಿಯಲ್ಲಿ ಬರುವ ಏಲ್ ಬಗೆಯ ಬಿಯರ್ ಆದರೆ ಗಾಳಿ ತಾಗಿದ ಮೇಲೆ ಮೂರು ದಿನದ ಮಾತು. ಇಪ್ಪತ್ತು ಟ್ಯಾಪ್ ಇದ್ದು ಕುಡಿಯುವವರು ನಾಲ್ಕೇ ಜನ ಇದ್ದರೆ ನಾನು ಸ್ವಲ್ಪ ಹಿಂಜರಿಯುತ್ತೇನೆ.

ಹಾಗಾಗಿ "ಯಾವುದು ಚೆನ್ನಾಗಿದೆ?" ಅಂತ ಕೇಳಬೇಡಿ. ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ. "ತೀರಾ ಈಚೆಗೆ ಬಂದಿದ್ದು ಯಾವುದು?" ಅಂತ ಕೇಳಿ. ಎಷ್ಟೋ ಕಡೆ ರುಚಿ ನೋಡಲು ಒಂದು ಗುಟುಕು ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಹಗುರವಾದದ್ದರಿಂದ ಶುರು ಮಾಡಿ. ಮೊದಲೇ ಜಾಸ್ತಿ ಕಹಿಯದನ್ನು ಕುಡಿದರೆ ಆಮೇಲಿನದು ನಾಲಿಗೆಗೆ ಹತ್ತುವುದಿಲ್ಲ.

ಮೂಗನ್ನೂ ಬಳಸಿ. ಬೇಡದ ಕಡೆ ಬೆಣ್ಣೆಯ ವಾಸನೆಯೋ ಹುಳಿ ವಾಸನೆಯೋ ಬಂದರೆ ಟ್ಯಾಪಿಗೆ ಬಿಯರ್ ತರುವ ಪೈಪ್ ಕೊಳೆಯಾಗಿರಬಹುದು. ಅದನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಆದರೆ ಬೇಕೆಂದೇ ಹುಳಿ ಮಾಡಿದ ಬಿಯರ್‌ಗಳೂ ಇವೆ, ಅದಕ್ಕೇ ಕೇಳಿ ನೋಡಿ. ಕಾಳಜಿ ಇರುವವರು ತಾವೇ ಒಂದು ಗುಟುಕು ರುಚಿ ನೋಡಿ ಗ್ಲಾಸ್ ಬದಲಾಯಿಸುತ್ತಾರೆ. ತೀರಾ ತಣ್ಣಗಿದ್ದರೆ ರುಚಿಯೂ ತಿಳಿಯುವುದಿಲ್ಲ, ತಪ್ಪೂ ತಿಳಿಯುವುದಿಲ್ಲ. ಐದು ನಿಮಿಷ ಬಿಟ್ಟು ಕುಡಿಯಿರಿ.

ಹಿಂದಿನ ಕಾಲದಲ್ಲಿ ಊರಿನ ಬಿಯರ್ ಅಂದರೆ ಊರಿನ ನೀರು. ಇಂಗ್ಲೆಂಡಿನ ಬರ್ಟನ್‌ನಲ್ಲಿ ಜಿಪ್ಸಂ ಅನ್ನುವ ಲವಣ ತುಂಬಿದ ಗಡಸು ನೀರು, ಅಲ್ಲಿ ಕಹಿ ಚುರುಕಾಗಿರುವ ಪೇಲ್ ಏಲ್ ಹೆಸರಾಯಿತು. ಈಗಿನ ಚೆಕ್ ದೇಶದ ಪಿಲ್ಸೆನ್‌ನಲ್ಲಿ ಮೆದು ನೀರು, ಅಲ್ಲಿ 1842ರಲ್ಲಿ ಹೊಂಬಣ್ಣದ ಪಿಲ್ಸ್‌ನರ್ ಬಿಯರ್ ಹುಟ್ಟಿತು. ಈಗ ಬ್ರೂವರ್‌ಗಳು ಲವಣ ಸೇರಿಸಿ ಬೇಕಾದ ನೀರು ಮಾಡಿಕೊಳ್ಳುತ್ತಾರೆ. ಹಾಗಾದರೆ ಹತ್ತಿರದ ಬಿಯರ್ ಯಾಕೆ ಬೇಕು? ನನಗಂತೂ ಅದನ್ನು ಮಾಡಿದವರು ಸಿಗುತ್ತಾರೆ ಅನ್ನುವುದಕ್ಕೆ. ಆ ಐದು ಟ್ಯಾಪಿನ ಪಬ್‌ನಲ್ಲಿ ನಾನು ವೀಟ್ ಬಿಯರ್ ಕುಡಿದು, "ಇದಕ್ಕೆ ಬಾಳೆಹಣ್ಣು ಹಾಕ್ತೀರಾ?" ಅಂತ ಕೇಳಿದ್ದೆ. ಪಕ್ಕದ ಮೇಜಿನಲ್ಲಿದ್ದವರು ತಿರುಗಿ, "ಇಲ್ಲ, ಅದು ಬಿಯರ್ ಹುದುಗಿಸುವ ಯೀಸ್ಟ್ ಕೆಲಸ" ಅಂದರು. ಬಿಯರ್ ಮಾಡಿದವರೇ ಅವರು. ಹುದುಗುವಾಗ ಬಿಸಿ ಸ್ವಲ್ಪ ಏರಿದರೆ ಆ ಪರಿಮಳ ಹೆಚ್ಚುತ್ತದೆ, ಲವಂಗದ ವಾಸನೆಯೂ ಅದೇ ಯೀಸ್ಟಿನದು ಅಂತ ಅರ್ಧ ಗಂಟೆ ವಿವರಿಸಿದರು. ಗೆಳೆಯ ಬಂದು ಕರೆದಾಗ ನನಗೆ ಏಳಲು ಮನಸ್ಸೇ ಇರಲಿಲ್ಲ.

ಇನ್ನೊಂದು ಮಾತು. ಬಿಯರ್ ಹೆಸರಿನ ಪಕ್ಕ ಇರುವ ಆಲ್ಕೋಹಾಲ್ ಶೇಕಡಾ ಅಂಕಿ ನೋಡಿಕೊಳ್ಳಿ. 4-5 ಇರುವುದಕ್ಕೂ 9 ಇರುವುದಕ್ಕೂ ತುಂಬಾ ವ್ಯತ್ಯಾಸ. ಸ್ಟ್ರಾಂಗ್ ಆದದ್ದನ್ನು ಚಿಕ್ಕ ಗ್ಲಾಸಿನಲ್ಲೇ ತೆಗೆದುಕೊಳ್ಳಿ, ಗಾಡಿ ಮನೆಯಲ್ಲೇ ಬಿಟ್ಟು ಹೋಗಿ.