ಫೋಟೋದಲ್ಲಿ ನೀಲಿ ಚೀಲ ನೇರಳೆಯಾಗಿ ಕಾಣುವುದರ ಬಗ್ಗೆ
ನಿಮ್ಮ ನೀಲಿ ಚೀಲ ಫೋಟೋದಲ್ಲಿ ಮಾತ್ರ ಏಕೆ ನೇರಳೆಯಾಗಿ ಕಾಣುತ್ತದೆ ಎಂದು ಕೇಳಿದ್ದೀರಿ. ಕಿಟಕಿಯ ಬೆಳಕು, ಕೋಣೆಯ ಬಲ್ಬು ಎರಡನ್ನೂ ಬಳಸುತ್ತಿರುವುದಾಗಿ ನೀವು ಬರೆದಿರುವುದರಿಂದ, ನೀಲಿ ಚೀಲ ನೇರಳೆಯಾಗಿ ಕಾಣಲು ಬಹುಮಟ್ಟಿಗೆ ಆ ಮಿಶ್ರ ಬೆಳಕೇ ಕಾರಣ. ಸುಮಾರು 5500 ಕೆಲ್ವಿನ್‌ನ ಹಗಲು ಬೆಳಕನ್ನೂ 2700 ಕೆಲ್ವಿನ್‌ನ ಹಳದಿ ಬಲ್ಬಿನ ಬೆಳಕನ್ನೂ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ಒಂದೇ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆ, ಸರಿಪಡಿಸಲಾರದು. ಮೊದಲು ಬಲ್ಬನ್ನು ಆರಿಸಿ, ಚೀಲವನ್ನು ಬಣ್ಣದ ಗೋಡೆಗಳಿಂದ ದೂರವಿಟ್ಟು, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಆಗಿಯೇ ಚಿತ್ರ ತೆಗೆಯಿರಿ. ಮೊದಲ ಚಿತ್ರದಲ್ಲಿ ಚೀಲದ ಪಕ್ಕ ಗ್ರೇ ಕಾರ್ಡ್ (ಯಾವ ಬಣ್ಣದತ್ತಲೂ ವಾಲದ ಬೂದು ಕಾರ್ಡ್) ಇಟ್ಟು, ಎಡಿಟ್ ಮಾಡುವಾಗ ಅದರ ಮೇಲೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಅದನ್ನೇ ಉಳಿದ ಚಿತ್ರಗಳಿಗೂ ಅನ್ವಯಿಸಿ. ಖರ್ಚು ಮಾಡುವುದಿದ್ದರೆ ಈ ಕಾರ್ಡಿಗೇ ಮಾಡಿ. ಇದರ ಬದಲು ಪ್ರಿಂಟರ್‌ನ ಬಿಳಿ ಹಾಳೆ ಬೇಡ; ಅದರಲ್ಲಿ ಸಾಮಾನ್ಯವಾಗಿ ಬಿಳುಪು ಹೆಚ್ಚಿಸುವ ರಾಸಾಯನಿಕಗಳಿರುವುದರಿಂದ ಅದು ನೀಲಿಯತ್ತ ವಾಲುತ್ತದೆ. ಇಷ್ಟಾದರೂ ನೇರಳೆ ಉಳಿದರೆ, ಚೀಲದ ಬಟ್ಟೆಯ ಬಣ್ಣವನ್ನು ಕ್ಯಾಮೆರಾದ ಸೆನ್ಸರ್ ನಮ್ಮ ಕಣ್ಣಿಗಿಂತ ಬೇರೆಯಾಗಿ ಗ್ರಹಿಸುತ್ತಿರಬಹುದು. ಆಗ ಚೀಲವನ್ನು ಎದುರಿಗಿಟ್ಟುಕೊಂಡು ಎಡಿಟ್‌ನಲ್ಲಿ ನೀಲಿ ಮತ್ತು ನೇರಳೆಯ ಹ್ಯೂ (ವರ್ಣಛಾಯೆ) ಮಾತ್ರ ಬದಲಿಸಿ, ಹೆಚ್ಚಿನ ಪರದೆಗಳಿಗೆ ಹೊಂದುವ ಎಸ್‌ಆರ್‌ಜಿಬಿ ಎಂಬ ಬಣ್ಣ ಮಾದರಿಯಲ್ಲಿ ಉಳಿಸಿ.